ಅಡಕೆ ಮರದ ಮೇಲೆ ಬರೆದವರು ಯಾರು? ಒಂದು ಲೈಕೆನ್ ಮನೆತನದ ಕಥೆ

ಎಲೆಚುಕ್ಕಿ ರೋಗ ಬಂದ ಮೇಲೆ ನಮ್ಮ ಕಡೆಯ ತೋಟಿಗರ ಕಣ್ಣೇ ಬದಲಾಗಿದೆ. ಮೊದಲೆಲ್ಲ ತೋಟಕ್ಕೆ ಇಳಿದರೆ ಸಿಂಗಾರ ನೋಡುತ್ತಿದ್ದೆವು, ಕೊನೆ ಎಷ್ಟು ಹಿಡಿದಿದೆ ಎಂದು ಎಣಿಸುತ್ತಿದ್ದೆವು. ಈಗ ಮೊದಲು ಸೋಗೆ ನೋಡುತ್ತೇವೆ. ಹಳದಿ ಕಂಡರೆ ಎದೆ ಧಸಕ್ಕೆನ್ನುತ್ತದೆ. ಸೋಗೆಯಿಂದ ಕೆಳಗಿಳಿದ ಕಣ್ಣು ಮರದ ಮೈಮೇಲೂ ನಿಲ್ಲುತ್ತದೆ. ಇಷ್ಟು ವರ್ಷ ಕಾಣದಿದ್ದ ಮಚ್ಚೆಗಳು ಒಮ್ಮೆಲೇ ಕಾಣತೊಡಗುತ್ತವೆ.

ಕಳೆದ ಮಳೆಗಾಲದ ಕೊನೆಗೆ ಪಕ್ಕದ ತೋಟದ ಭಾವ ನನ್ನನ್ನು ಕರೆದು ಒಂದು ಮರ ತೋರಿಸಿದರು. ಎದೆ ಎತ್ತರದಲ್ಲಿ ಬೂದು ಬಿಳಿ ಬಣ್ಣದ ಮಚ್ಚೆ, ಅಂಗೈಯಗಲ. ಅದರ ಮೇಲೆ ಸಣ್ಣ ಸಣ್ಣ ಕಪ್ಪು ಗೆರೆ. ಕೆಲವು ನೇರ, ಕೆಲವು ಡೊಂಕು, ಕೆಲವು ಕವಲೊಡೆದಿದ್ದವು. ಯಾರೋ ತೆಳ್ಳನೆಯ ನಿಬ್ಬಿನಲ್ಲಿ ಗೀಚಿದ ಹಾಗೆ. "ತಮಾ, ಇದೆಂತದು ನೋಡು, ರೋಗ ಮರಕ್ಕೂ ಇಳೀತಾ?" ಎಂದು ಕೇಳಿದರು. ಆ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಸಾಕಿತ್ತು. ಆದರೆ "ಹಾಗಾದರೆ ಇದು ಏನು, ಯಾವ ಜಾತಿ?" ಎಂಬ ಅವರ ಎರಡನೇ ಪ್ರಶ್ನೆಗೆ ಉತ್ತರ ಹೇಳಲು ಇನ್ನೂರೈವತ್ತು ವರ್ಷಗಳ ಕಥೆಯೇ ಬೇಕು.

## ಮೊದಲು ಭಯ ಬಿಡಿ

ಅದು ರೋಗ ಅಲ್ಲ. ಅದು ಲೈಕೆನ್. ಮರದ ಹೊರಮೈಗೆ ಅಂಟಿಕೊಂಡು ಬದುಕುತ್ತದೆ, ಮರದ ಒಳಗಿನ ರಸ ಹೀರುವುದಿಲ್ಲ. ತನ್ನ ಊಟವನ್ನು ತಾನೇ ಬಿಸಿಲಿನಲ್ಲಿ ತಯಾರಿಸಿಕೊಳ್ಳುತ್ತದೆ. ಮರ ಅದಕ್ಕೆ ಕೂರುವ ಜಾಗ ಅಷ್ಟೆ.

ಎಲೆಚುಕ್ಕಿ ರೋಗ ತರುವುದು ಕೊಲೆಟೊಟ್ರೈಕಮ್ ಮುಂತಾದ ಬೇರೆಯೇ ಶಿಲೀಂಧ್ರಗಳು. ಅವು ಎಲೆಯ ಜೀವಕೋಶಗಳನ್ನು ಕೊಂದು ತಿನ್ನುತ್ತವೆ. ಲೈಕೆನ್‌ಗೂ ಅವಕ್ಕೂ ಸಂಬಂಧವಿಲ್ಲ. ಹಾಗಾಗಿ ಈ ಮಚ್ಚೆಗೆ ಮದ್ದು ಹೊಡೆಯುವುದು ಬೇಡ, ಕತ್ತಿಯಿಂದ ಕೆರೆಯುವುದಂತೂ ಬೇಡವೇ ಬೇಡ. ಕೆರೆದರೆ ಮರದ ಮೈಗೆ ಗಾಯವಾಗುತ್ತದೆ, ಆ ಗಾಯವೇ ನಿಜವಾದ ರೋಗಕ್ಕೆ ಬಾಗಿಲು.

## ಒಂದು ಹೆಸರು, ಎರಡು ಜೀವ

ಲೈಕೆನ್ ಎಂಬ ಪದ ಹೊಸದು ಅನ್ನಿಸಬಹುದು. ಆದರೆ ನಮ್ಮ ಅಡುಗೆಮನೆಗೆ ಅದು ಹಳಬ. ಮಸಾಲೆಗೆ ಹಾಕುವ ಕಲ್ಲುಹೂವು ಇದೆಯಲ್ಲ, ಬೂದು ಕಪ್ಪು ಬಣ್ಣದ, ಒಣಗಿದ ಎಲೆಯಂಥದ್ದು, ಅದು ಲೈಕೆನ್. ಹೆಸರಿನಲ್ಲಿ ಹೂವು ಇದ್ದರೂ ಅದು ಹೂವಲ್ಲ, ಗಿಡವೂ ಅಲ್ಲ. ಹಾಗಂತ ಅಡಕೆ ಮರದ ಮೇಲಿನ ಗೆರೆಗಾರನೂ ಅಂಗಡಿಯ ಕಲ್ಲುಹೂವೂ ಒಂದೇ ಮನೆಯವರಲ್ಲ. ಮಸಾಲೆಯ ಕಲ್ಲುಹೂವಿನಲ್ಲಿ ಹೆಚ್ಚಾಗಿ ಸಿಗುವ ಪಾರ್ಮೊಟ್ರೀಮಾ ಪಾರ್ಮಿಲಿಯೇಸಿ ಕುಟುಂಬದ್ದು. ನಮ್ಮ ಗೆರೆಗಾರ ಗ್ರಾಫಿಡೇಸಿ ಕುಟುಂಬದವನು. ಇಲ್ಲಿ ಹೇಳುವುದು ಈ ಎರಡನೇ ಕುಟುಂಬದ ವಿಷಯ.

ಲೈಕೆನ್ ಎಂದರೆ ಒಂದು ಶಿಲೀಂಧ್ರ ಮತ್ತು ಒಂದು ಪಾಚಿ ಒಟ್ಟಿಗೆ ನಡೆಸುವ ಸಂಸಾರ. ಶಿಲೀಂಧ್ರ ಅಂದರೆ ಅಣಬೆಯ ಬಳಗ. ಅದಕ್ಕೆ ಹಸಿರಿಲ್ಲ, ಆಹಾರ ತಯಾರಿಸಲು ಬಾರದು. ಪಾಚಿಗೆ ಆಹಾರ ತಯಾರಿಸಲು ಬರುತ್ತದೆ, ಆದರೆ ಬಿಸಿಲಿಗೆ ಬೇಗ ಒಣಗುತ್ತದೆ. ಶಿಲೀಂಧ್ರ ಮನೆ ಕಟ್ಟಿ ನೀರು ಹಿಡಿದಿಡುತ್ತದೆ, ಪಾಚಿ ಒಳಗೆ ಕುಳಿತು ಅಡುಗೆ ಮಾಡುತ್ತದೆ. 1867ರಲ್ಲಿ ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡನರ್ ಈ ಮಾತು ಹೇಳಿದಾಗ ಆ ಕಾಲದ ಎಷ್ಟೋ ಹಿರಿಯ ಲೈಕೆನ್ ತಜ್ಞರು ಒಪ್ಪಲೇ ಇಲ್ಲ. ಎರಡು ಬೇರೆ ಬೇರೆ ಜೀವ ಸೇರಿ ಒಂದೇ ದೇಹದಂತೆ ಕಾಣುವುದು ಅವರಿಗೆ ನಂಬಲಾಗದ ಸಂಗತಿಯಾಗಿತ್ತು.

ಇಲ್ಲಿ ಒಂದು ನಿಯಮ ನೆನಪಿಡಬೇಕು. ಲೈಕೆನ್‌ಗೆ ಇಡುವ ವೈಜ್ಞಾನಿಕ ಹೆಸರು ಅದರ ಶಿಲೀಂಧ್ರಕ್ಕೆ ಸೇರಿದ್ದು. ಪಾಚಿಗೆ ಅದರದೇ ಬೇರೆ ಹೆಸರು ಇರುತ್ತದೆ. ಆದ್ದರಿಂದ ಲೈಕೆನ್ ಕುಟುಂಬದ ವಂಶಾವಳಿ ಅಂದರೆ ಶಿಲೀಂಧ್ರಗಳ ವಂಶಾವಳಿ ಎಂದೇ ಅರ್ಥ.

## ಚಿರೆಕಲ್ಲಿನ ಗೋಡೆಯ ಕಿತ್ತಳೆ ಬಣ್ಣ

ಪಾಚಿಯ ಬಗ್ಗೆ ಸ್ವಲ್ಪ ನಿಲ್ಲಬೇಕು. ಯಾಕೆಂದರೆ ಅದನ್ನು ನೀವು ಈಗಾಗಲೇ ನೋಡಿದ್ದೀರಿ. ಕುಮಟಾ, ಹೊನ್ನಾವರ, ಅಂಕೋಲಾ ಕಡೆ ಮಳೆಗಾಲದ ಆಚೀಚೆ ಚಿರೆಕಲ್ಲಿನ ಪಾಗಾರದ ಮೇಲೆ, ಹಳೆಯ ಸಿಮೆಂಟು ಗೋಡೆಯ ಮೇಲೆ, ತೆಂಗು ಅಡಕೆ ಮರಗಳ ಮೇಲೆ ಕಿತ್ತಳೆ ಬಣ್ಣದ ಮಖಮಲ್ಲಿನಂಥ ಪದರ ಕಾಣುತ್ತದೆ. ಎಷ್ಟೋ ಜನ ಅದನ್ನು ಕೆಮ್ಮಣ್ಣಿನ ಕಲೆ ಅಂದುಕೊಳ್ಳುತ್ತಾರೆ. ಅದು ಟ್ರೆಂಟಿಪೋಲಿಯಾ ಎಂಬ ಪಾಚಿ. ಲೆಕ್ಕದಲ್ಲಿ ಹಸಿರು ಪಾಚಿಗಳ ಬಳಗದ್ದೇ. ಆದರೆ ಕ್ಯಾರೆಟ್‌ಗೆ ಬಣ್ಣ ಕೊಡುವ ಕೆರೋಟಿನ್ ಅದರಲ್ಲಿ ಎಷ್ಟು ಜಾಸ್ತಿ ಇದೆ ಅಂದರೆ ಹಸಿರು ಮುಚ್ಚಿಹೋಗುತ್ತದೆ.

ಗ್ರಾಫಿಡೇಸಿ ಕುಟುಂಬದ ಹೆಚ್ಚಿನ ಲೈಕೆನ್‌ಗಳ ಒಳಗೆ ಅಡುಗೆ ಮಾಡುತ್ತಾ ಕೂತಿರುವುದು ಈ ಟ್ರೆಂಟಿಪೋಲಿಯಾ ಬಳಗದ ಪಾಚಿಯೇ. ಹೊರಗೆ ಇದ್ದಾಗ ಕಿತ್ತಳೆ ಮಖಮಲ್ಲು. ಲೈಕೆನ್‌ ಒಳಗೆ ಸೇರಿದ ಮೇಲೆ ಬೂದು ಬಿಳಿ ಚಾವಣಿಯ ಕೆಳಗೆ ಮರೆಯಾಗುತ್ತದೆ. ಇನ್ನೂ ಒಂದು ನಂಟು ಹೇಳಲೇಬೇಕು. ಕಾರವಾರದ ಕಡಲ ಬಂಡೆಗಳ ಮೇಲೆ ತೆಳ್ಳನೆಯ ಹಸಿರು ಹಾಳೆಯ ಹಾಗೆ ಬೆಳೆಯುವ ಉಲ್ವಾ ಎಂಬ ಕಡಲಪಾಚಿ ಇದೆ. ಟ್ರೆಂಟಿಪೋಲಿಯಾ ಮತ್ತು ಉಲ್ವಾ ಒಂದೇ ವರ್ಗಕ್ಕೆ ಸೇರಿದವು. ಘಟ್ಟದ ಮೇಲಿನ ಅಡಕೆ ಮರದಲ್ಲಿ ಕೂತ ಪಾಚಿಗೆ ಕಡಲಂಚಿನಲ್ಲಿ ದೂರದ ನೆಂಟರಿದ್ದಾರೆ.

## ಆ ಕಪ್ಪು ಗೆರೆ ಏನು?

ಅಕ್ಷರದಂತೆ ಕಾಣುವ ಗೆರೆ ಲೈಕೆನ್‌ನ ಹಣ್ಣು ಅನ್ನಬಹುದು. ಶಿಲೀಂಧ್ರ ತನ್ನ ಬೀಜಕಣಗಳನ್ನು ಅಲ್ಲಿ ತಯಾರಿಸುತ್ತದೆ. ಅಣಬೆಗೆ ಕೊಡೆ ಹೇಗೋ ಇದಕ್ಕೆ ಈ ಗೆರೆ ಹಾಗೆ. ದೇವಸ್ಥಾನದ ಹುಂಡಿಯ ಬಾಯಿ ನೋಡಿದ್ದೀರಲ್ಲ, ಉದ್ದನೆಯ ಸೀಳು. ಗೆರೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಹಾಗೇ ಕಾಣುತ್ತದೆ. ಎರಡು ಕಪ್ಪು ತುಟಿ, ನಡುವೆ ಸೀಳು. ಹುಂಡಿಗೆ ದುಡ್ಡು ಒಳಗೆ ಹೋಗುತ್ತದೆ, ಇಲ್ಲಿ ಬೀಜಕಣ ಹೊರಗೆ ಬರುತ್ತದೆ.

ಸೀಳಿನ ಒಳಗೆ ಸಣ್ಣ ಸಣ್ಣ ಚೀಲಗಳಿವೆ. ಒಂದೊಂದು ಚೀಲದಲ್ಲಿ ಸಾಮಾನ್ಯವಾಗಿ ಎಂಟು ಬೀಜಕಣ. ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಬೀಜಕಣದ ಒಳಗೆ ಕೋಣೆಗಳು ಕಾಣುತ್ತವೆ. ಕೆಲವು ಲೈಕೆನ್‌ಗಳಲ್ಲಿ ಕೋಣೆಗಳು ಒಂದೇ ಸಾಲಿನಲ್ಲಿವೆ, ಪೇಟೆಯ ಅಂಗಡಿ ಸಾಲಿನ ಹಾಗೆ. ಕೆಲವದರಲ್ಲಿ ಅಡ್ಡಕ್ಕೂ ಉದ್ದಕ್ಕೂ ಗೋಡೆ ಎದ್ದು, ಚಿರೆಕಲ್ಲು ಕಟ್ಟಿದ ಪಾಗಾರದ ಹಾಗೆ ಕಾಣುತ್ತದೆ. ಕೆಲವು ಬೀಜಕಣಗಳಿಗೆ ಬಣ್ಣವಿಲ್ಲ, ಕೆಲವು ಕಂದು. ಸಾಲು ಅಥವಾ ಪಾಗಾರ, ಬಣ್ಣವಿಲ್ಲದ್ದು ಅಥವಾ ಕಂದು. ಈ ಎರಡು ಜೋಡಿಯನ್ನು ನೆನಪಿಟ್ಟುಕೊಳ್ಳಿ. ಮುಂದಿನ ನೂರಿಪ್ಪತ್ತು ವರ್ಷದ ಗಲಿಬಿಲಿ ಇದರಿಂದಲೇ ಹುಟ್ಟಿದ್ದು.

## ಹೆಸರಿಟ್ಟವರು

ಸ್ವೀಡನ್ನಿನ ಕಾರ್ಲ್ ಲಿನೇಯಸ್ 1753ರಲ್ಲಿ ತನಗೆ ಗೊತ್ತಿದ್ದ ಸಸ್ಯಗಳಿಗೆಲ್ಲ ಎರಡು ಪದದ ಹೆಸರು ಕೊಟ್ಟ. ಲೈಕೆನ್‌ಗಳ ಮೇಲೆ ಅವನಿಗೆ ಅಷ್ಟು ಅಕ್ಕರೆ ಇರಲಿಲ್ಲ. ಎಲ್ಲವನ್ನೂ 'ಲೈಕೆನ್' ಎಂಬ ಒಂದೇ ಕುಲಕ್ಕೆ ಹಾಕಿಬಿಟ್ಟ. ಗೆರೆ ಇದ್ದ ಲೈಕೆನ್‌ಗೆ ಅವನಿಟ್ಟ ಹೆಸರು 'ಲೈಕೆನ್ ಸ್ಕ್ರಿಪ್ಟಸ್', ಅಂದರೆ ಬರಹವಿರುವ ಲೈಕೆನ್.

ಅವನ ಶಿಷ್ಯ ಎರಿಕ್ ಅಕೇರಿಯಸ್ ವೃತ್ತಿಯಲ್ಲಿ ವೈದ್ಯ. ಗುರು ಬಿಟ್ಟ ಕೆಲಸವನ್ನು ಅವನು ಮನಸಿಟ್ಟು ಮಾಡಿದ. ಲೈಕೆನ್‌ಗಳನ್ನು ಹಲವು ಕುಲಗಳಾಗಿ ಬೇರ್ಪಡಿಸಿದ. 1809ರಲ್ಲಿ ಅವನ ಕೈಯಲ್ಲಿ ಆ ಬರಹದ ಲೈಕೆನ್ 'ಗ್ರಾಫಿಸ್ ಸ್ಕ್ರಿಪ್ಟಾ' ಆಯಿತು. ಗ್ರಾಫಿಸ್ ಎಂಬುದಕ್ಕೂ ಗ್ರೀಕ್ ಭಾಷೆಯಲ್ಲಿ 'ಬರೆಯುವುದು' ಎಂಬುದರ ನಂಟೇ. ಎರಡೂ ಪದದಲ್ಲಿ ಬರವಣಿಗೆ! ಆಮೇಲೆ 1822ರಲ್ಲಿ ಈ ಬಳಗಕ್ಕೆ ಗ್ರಾಫಿಡೇಸಿ ಎಂಬ ಕುಟುಂಬದ ಹೆಸರು ಬಂತು.

ಇಷ್ಟರಲ್ಲಿ ಕುಲ, ಕುಟುಂಬ ಅನ್ನುವ ಪದಗಳನ್ನು ಬಿಡಿಸಿ ಹೇಳಬೇಕು. ಒಂದೇ ಥರದ ಜೀವಿಗಳ ಗುಂಪು ಒಂದು ಪ್ರಭೇದ. ತೀರಾ ಹತ್ತಿರದ ಪ್ರಭೇದಗಳು ಸೇರಿ ಒಂದು ಕುಲ. ಹತ್ತಿರದ ಕುಲಗಳು ಸೇರಿ ಒಂದು ಕುಟುಂಬ. ಅದರ ಮೇಲೆ ಗಣ, ಇನ್ನೂ ಮೇಲೆ ವರ್ಗ. ವ್ಯಕ್ತಿ, ಮನೆ, ಮನೆತನ, ಗೋತ್ರ ಎಂದು ಏರಿದ ಹಾಗೆ ಅಂದುಕೊಳ್ಳಿ.

ಯುರೋಪಿನವರು ಉಷ್ಣವಲಯದ ಕಾಡುಗಳಿಂದ ಲೈಕೆನ್ ತರಿಸತೊಡಗಿದ ಮೇಲೆ ಗ್ರಾಫಿಸ್ ಕುಲ ಉಬ್ಬುತ್ತಾ ಹೋಯಿತು. ಯುರೋಪಿನ ಚಳಿಯಲ್ಲಿ ಈ ಕುಟುಂಬದ ಪ್ರಭೇದಗಳು ಕಡಿಮೆ. ನಮ್ಮಂಥ ಮಳೆ ಸೆಕೆಯ ನಾಡಿನಲ್ಲಿ ಜಾಸ್ತಿ. ನೂರಾರು ಪ್ರಭೇದಗಳನ್ನು ಹೇಗೆ ಜೋಡಿಸುವುದು? ಸ್ವಿಟ್ಜರ್ಲೆಂಡಿನ ಜೀನ್ ಮುಲ್ಲರ್ 1880ರ ದಶಕದ ಹೊತ್ತಿಗೆ ಒಂದು ಸುಲಭ ದಾರಿ ಹಾಕಿಕೊಟ್ಟ. ಅವನ ದಾರಿಯಲ್ಲಿ ನಾಲ್ಕು ಪೆಟ್ಟಿಗೆ. ಬೀಜಕಣಕ್ಕೆ ಬಣ್ಣವಿಲ್ಲ, ಕೋಣೆಗಳು ಸಾಲಾಗಿವೆ ಎಂದರೆ ಗ್ರಾಫಿಸ್. ಬಣ್ಣವಿಲ್ಲ, ಆದರೆ ಪಾಗಾರದಂತಿದೆ ಎಂದರೆ ಗ್ರಾಫಿನಾ. ಕಂದು ಬಣ್ಣ, ಸಾಲು ಕೋಣೆ ಇದ್ದರೆ ಫಿಯೋಗ್ರಾಫಿಸ್. ಕಂದು ಬಣ್ಣದ ಪಾಗಾರ ಆದರೆ ಫಿಯೋಗ್ರಾಫಿನಾ. ಸೂಕ್ಷ್ಮದರ್ಶಕ ಇದ್ದ ಯಾರೂ ಐದು ನಿಮಿಷದಲ್ಲಿ ಹೆಸರು ಹೇಳಬಹುದಿತ್ತು. ಅಷ್ಟು ಅನುಕೂಲವಾಗಿದ್ದರಿಂದಲೇ ನೂರು ವರ್ಷಕ್ಕೂ ಹೆಚ್ಚು ಕಾಲ ಜಗತ್ತೆಲ್ಲ ಇದನ್ನೇ ಬಳಸಿತು. ಭಾರತದಲ್ಲಿ ಪಶ್ಚಿಮ ಘಟ್ಟದ ಲೈಕೆನ್‌ಗಳಿಗೂ ಮೊದಲು ಹೆಸರು ಬಿದ್ದದ್ದು ಹೀಗೆಯೇ.

## ಲಿಪಿ ನೋಡಿ ಭಾಷೆ ಹೇಳಿದ ಹಾಗೆ

ಈ ನಾಲ್ಕು ಪೆಟ್ಟಿಗೆಯಲ್ಲಿ ತಪ್ಪೇನಿತ್ತು? ಇದನ್ನು ತಿಳಿಯಲು ನಮ್ಮ ಕರಾವಳಿಗಿಂತ ಒಳ್ಳೆಯ ಜಾಗವಿಲ್ಲ.

ಕೊಂಕಣಿಯನ್ನೇ ತೆಗೆದುಕೊಳ್ಳಿ. ನಮ್ಮಲ್ಲಿ ಕೆಲವರು ಅದನ್ನು ಕನ್ನಡ ಲಿಪಿಯಲ್ಲಿ ಬರೆಯುತ್ತಾರೆ, ಕೆಲವರು ದೇವನಾಗರಿಯಲ್ಲಿ. ಕಾಳಿ ನದಿ ದಾಟಿ ಗೋವಾಕ್ಕೆ ಹೋದರೆ ರೋಮನ್ ಲಿಪಿಯಲ್ಲೂ ಬರೆಯುತ್ತಾರೆ. ಈಗ ಈ ಕಡೆಯ ಯಾವ ಭಾಷೆಯೂ ಗೊತ್ತಿಲ್ಲದ ಒಬ್ಬರನ್ನು ಕರೆದು, ಒಂದು ಕಪಾಟಿನ ಪುಸ್ತಕಗಳನ್ನು ಭಾಷೆಯ ಪ್ರಕಾರ ಜೋಡಿಸಿ ಅನ್ನಿ. ಅವರಿಗೆ ಕಾಣುವುದು ಲಿಪಿ ಮಾತ್ರ. ಕನ್ನಡ ಲಿಪಿಯ ಕೊಂಕಣಿ ಪುಸ್ತಕ ಕನ್ನಡದ ಸಾಲಿಗೆ ಹೋಗುತ್ತದೆ. ದೇವನಾಗರಿಯದ್ದು ಹಿಂದಿಯ ಸಾಲಿಗೆ. ರೋಮನ್ ಲಿಪಿಯದ್ದು ಇಂಗ್ಲಿಷಿನ ಪಕ್ಕಕ್ಕೆ. ಕಪಾಟು ನೋಡಲು ಅಚ್ಚುಕಟ್ಟಾಗಿರುತ್ತದೆ. ಆದರೆ ಒಂದೇ ಭಾಷೆ ಮೂರು ಕಡೆ ಹರಿದುಹೋಗಿರುತ್ತದೆ. ಕೊಂಕಣಿ ಹುಟ್ಟಿನಿಂದ ಮರಾಠಿಗೆ ಹತ್ತಿರದ್ದು, ಕನ್ನಡ ಹುಟ್ಟಿನಿಂದ ತುಳು ತಮಿಳಿಗೆ ಹತ್ತಿರದ್ದು. ಲಿಪಿ ಈ ಹುಟ್ಟನ್ನು ಹೇಳುವುದಿಲ್ಲ. ಲಿಪಿಯನ್ನು ಅಗತ್ಯಕ್ಕೆ ತಕ್ಕಂತೆ ಬದಲಾಯಿಸಿಕೊಳ್ಳಬಹುದು. ಹುಟ್ಟನ್ನು ಬದಲಾಯಿಸಲಾಗದು.

ಬೀಜಕಣದ ಬಣ್ಣ ಮತ್ತು ಕೋಣೆಗಳು ಲಿಪಿಯ ಥರ. ಸಾಲು ಕೋಣೆಯ ಬೀಜಕಣ ಪಾಗಾರದಂಥ ಬೀಜಕಣ ಆಗಲು ಬಹಳ ದೊಡ್ಡ ಬದಲಾವಣೆ ಬೇಕಿಲ್ಲ. ಅಡ್ಡ ಗೋಡೆಗಳ ಜೊತೆ ಉದ್ದ ಗೋಡೆಗಳೂ ಎದ್ದರೆ ಸಾಕು. ಹಾಗಾಗಿ ಅದು ಈ ಕುಟುಂಬದ ಬೇರೆ ಬೇರೆ ಕವಲುಗಳಲ್ಲಿ ಮತ್ತೆ ಮತ್ತೆ ಆಗಿದೆ. ಅಂದರೆ ಗ್ರಾಫಿನಾ ಪೆಟ್ಟಿಗೆಯಲ್ಲಿ ಇದ್ದವರೆಲ್ಲ ಒಡಹುಟ್ಟಿದವರಲ್ಲ. ಬೇರೆ ಬೇರೆ ಮನೆಗಳಿಂದ ಬಂದು ಒಂದೇ ಅಂಗಿ ತೊಟ್ಟವರು.

2002ರಲ್ಲಿ ಜರ್ಮನಿಯ ಬೆಟಿನಾ ಸ್ಟೈಗರ್ ಇಡೀ ಕುಟುಂಬವನ್ನು ಹೊಸದಾಗಿ ನೋಡಿದರು. ಅವರು ಬೀಜಕಣದ ಆಚೆಗೂ ಕಣ್ಣು ಹಾಯಿಸಿದರು. ಹಣ್ಣಿನ ಗೋಡೆ ಇದ್ದಿಲಿನಂತೆ ಕಪ್ಪಗಿದೆಯೇ ಇಲ್ಲವೇ? ಕಪ್ಪು ತುಟಿಯಲ್ಲಿ ಮಾತ್ರವೋ, ತಳದವರೆಗೂ ಇಳಿದಿದೆಯೋ? ಚೀಲಗಳ ನಡುವಿನ ದಾರಗಳ ತುದಿ ನುಣುಪೋ, ಮುಳ್ಳುಮುಳ್ಳೋ? ಅಯೋಡಿನ್ ಹಾಕಿದರೆ ಬೀಜಕಣ ನೇರಳೆ ಬಣ್ಣಕ್ಕೆ ತಿರುಗುತ್ತದೆಯೇ? ಇಂಥ ಗುಣಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಹಳೆಯ ನಾಲ್ಕು ಪೆಟ್ಟಿಗೆ ಒಡೆದುಹೋಯಿತು. ಗ್ರಾಫಿನಾ, ಫಿಯೋಗ್ರಾಫಿನಾ ಎಂಬ ಕುಲಗಳು ಇವತ್ತು ಬಳಕೆಯಲ್ಲಿಲ್ಲ. ಅವುಗಳ ಪ್ರಭೇದಗಳು ಬೇರೆ ಬೇರೆ ಕುಲಗಳಿಗೆ ಹಂಚಿಹೋಗಿವೆ. ಹಳೆಯ ಪುಸ್ತಕ ಹಿಡಿದು ತೋಟಕ್ಕೆ ಹೋದವರಿಗೆ ಗೊಂದಲವಾಗುವುದು ಇದೇ ಕಾರಣಕ್ಕೆ.

## ಹುಟ್ಟನ್ನು ಓದುವುದು ಹೇಗೆ?

ಗುಣಗಳನ್ನು ನೋಡಿ ಮಾಡುವುದು ಎಷ್ಟೆಂದರೂ ಊಹೆ. ಯಾವ ಗುಣ ಲಿಪಿಯಂಥದ್ದು, ಯಾವುದು ಭಾಷೆಯಂಥದ್ದು ಎಂದು ಹೇಳಲು ಇನ್ನೊಂದು ಸಾಕ್ಷಿ ಬೇಕು. ಅದು ಡಿಎನ್‌ಎ.

ಇದಕ್ಕೂ ನಮ್ಮ ಕಡೆಯದೇ ಹೋಲಿಕೆ ಕೊಡುತ್ತೇನೆ. ಯಕ್ಷಗಾನ ಪ್ರಸಂಗಗಳು ಅಚ್ಚಾಗುವ ಮೊದಲು ಕೈಬರಹದಲ್ಲಿ ಓಡಾಡುತ್ತಿದ್ದವು. ಒಬ್ಬರ ಪ್ರತಿ ನೋಡಿ ಇನ್ನೊಬ್ಬರು ಬರೆದುಕೊಳ್ಳುತ್ತಿದ್ದರು. ಬರೆಯುವಾಗ ಒಂದು ಪದ ತಪ್ಪಿತು ಅನ್ನಿ. ಆ ಪ್ರತಿಯಿಂದ ಇಳಿಸಿಕೊಂಡ ಎಲ್ಲ ಪ್ರತಿಗಳಲ್ಲೂ ಆ ತಪ್ಪು ಬರುತ್ತದೆ. ಮೂಲ ಪ್ರತಿಯಿಂದ ನೇರವಾಗಿ ಇಳಿಸಿಕೊಂಡವರಲ್ಲಿ ಅದು ಇರುವುದಿಲ್ಲ. ಹತ್ತು ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ಯಾವ ತಪ್ಪು ಯಾರ್‍ಯಾರಲ್ಲಿ ಇದೆ ಎಂದು ಗುರುತು ಮಾಡಿದರೆ, ಯಾವುದರಿಂದ ಯಾವುದು ಬಂತು ಎಂದು ಹೇಳಬಹುದು. ಪ್ರತಿಯ ಕಾಗದ ಯಾವ ಬಣ್ಣ, ಅಕ್ಷರ ದುಂಡಗಿದೆಯೋ ಇಲ್ಲವೋ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ತಪ್ಪುಗಳ ದಾರಿಯೇ ವಂಶದ ದಾರಿ.

ಡಿಎನ್‌ಎ ಕೂಡ ನಕಲಾಗುತ್ತಾ ಬರುವ ಬರಹ. ನಾಲ್ಕೇ ಅಕ್ಷರಗಳ ಬರಹ. ತಲೆಮಾರಿನಿಂದ ತಲೆಮಾರಿಗೆ ನಕಲಾಗುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ಬದಲಾಗುತ್ತದೆ. ಒಂದೇ ಬದಲಾವಣೆ ಹಂಚಿಕೊಂಡವರು ಒಂದೇ ಪೂರ್ವಜರಿಂದ ಬಂದಿರುವ ಸಂಭವ ಹೆಚ್ಚು. ಸಂಶೋಧಕರು ಎಲ್ಲ ಲೈಕೆನ್‌ಗಳಲ್ಲೂ ಸಿಗುವ ಕೆಲವು ಜೀನ್ ಭಾಗಗಳನ್ನು ಓದಿ, ಸಾಲುಸಾಲಾಗಿ ಹೋಲಿಸಿ, ಮರ ಬಿಡಿಸುತ್ತಾರೆ. ಒಂದೇ ಜಾಗದಲ್ಲಿ ಆಕಸ್ಮಿಕವಾಗಿ ಎರಡು ಸಲ ಒಂದೇ ತಪ್ಪು ಬೀಳಬಹುದು. ಅದಕ್ಕೇ ಒಂದೆರಡು ಅಕ್ಷರ ನೋಡಿ ತೀರ್ಮಾನಕ್ಕೆ ಬರುವುದಿಲ್ಲ, ನೂರಾರು ಸಾವಿರಾರು ಅಕ್ಷರ ನೋಡುತ್ತಾರೆ.

ಲೈಕೆನ್ ವಿಷಯದಲ್ಲಿ ಇನ್ನೊಂದು ತೊಡಕು. ಚೂರು ಕೆರೆದು ತೆಗೆದರೆ ಅದರಲ್ಲಿ ಶಿಲೀಂಧ್ರವೂ ಇರುತ್ತದೆ, ಪಾಚಿಯೂ ಇರುತ್ತದೆ. ಶಿಲೀಂಧ್ರದ ಡಿಎನ್‌ಎ ಮಾತ್ರ ಹಿಡಿಯುವ ಗಾಳ ಬೇಕು. ಮಾದರಿ ಹಳತಾದಷ್ಟೂ ಡಿಎನ್‌ಎ ಚೂರಾಗಿರುತ್ತದೆ. ಹಾಗಾಗಿ ಕಾಡಿನಿಂದ ಹೊಸದಾಗಿ ತಂದ ಮಾದರಿಗೆ ಬೆಲೆ ಜಾಸ್ತಿ.

## ದುಂಡು ಬಾಯಿಯವರು ಮನೆಗೆ ಬಂದದ್ದು

ಡಿಎನ್‌ಎ ಓದಿದ ಮೇಲೆ ಬಂದ ದೊಡ್ಡ ಸುದ್ದಿ ಗೆರೆಯ ಬಗ್ಗೆಯೇ ಇತ್ತು.

ಗ್ರಾಫಿಡೇಸಿಯ ಪಕ್ಕದಲ್ಲಿ ಥೆಲೋಟ್ರೆಮಟೇಸಿ ಎಂಬ ಇನ್ನೊಂದು ಕುಟುಂಬ ಇತ್ತು. 1862ರಿಂದ ಇದ್ದ ಹೆಸರು. ಇವರಿಗೂ ತೊಗಟೆಯೇ ಮನೆ, ಕಿತ್ತಳೆ ಪಾಚಿಯೇ ಜೊತೆ. ಆದರೆ ಹಣ್ಣು ಗೆರೆಯಂತೆ ಇಲ್ಲ, ದುಂಡಗೆ. ನಡುವೆ ಒಂದು ತೂತು. ಕಾರವಾರದ ಕಡಲ ಬಂಡೆ ಹತ್ತಿದವರಿಗೆ ಗೊತ್ತು, ಅಂಗಾಲಿಗೆ ಗೀಚುವ ಸಣ್ಣ ಸಣ್ಣ ಗಟ್ಟಿ ಚಿಪ್ಪುಗಳಿರುತ್ತವೆ, ಗುಡ್ಡದ ಆಕಾರ, ತುದಿಯಲ್ಲಿ ತೂತು. ಈ ಲೈಕೆನ್‌ಗಳ ಹಣ್ಣು ಹಾಗೇ ಕಾಣುತ್ತದೆ, ಗಾತ್ರದಲ್ಲಿ ಮಾತ್ರ ಅದಕ್ಕಿಂತ ಬಹಳ ಚಿಕ್ಕದು.

ಉದ್ದ ಸೀಳಿದ್ದರೆ ಗ್ರಾಫಿಡೇಸಿ, ದುಂಡು ತೂತಿದ್ದರೆ ಥೆಲೋಟ್ರೆಮಟೇಸಿ. ಮಕ್ಕಳಿಗೂ ಹೇಳಿಕೊಡಬಹುದಾದ ವ್ಯತ್ಯಾಸ. ಆದರೆ ಡಿಎನ್‌ಎ ಮರ ಬಿಡಿಸಿದಾಗ ದುಂಡು ಬಾಯಿಯವರು ಒಂದೇ ಕೊಂಬೆಯಲ್ಲಿ ಸಿಗಲಿಲ್ಲ. ಗೆರೆಯವರ ನಡುವೆ ಅಲ್ಲಲ್ಲಿ ಚದುರಿದ್ದರು. ಒಂದು ದುಂಡು ಬಾಯಿಯ ಕುಲಕ್ಕೆ ಹತ್ತಿರದ ನೆಂಟ ಗೆರೆಯ ಕುಲ ಆಗಿರಬಹುದು, ಇನ್ನೊಂದು ದುಂಡು ಬಾಯಿಯ ಕುಲ ಅಲ್ಲ. ದುಂಡಗಿನ ಹಣ್ಣು ಎಳೆದು ಗೆರೆಯಾಗುವುದು, ಗೆರೆ ಕುಗ್ಗಿ ದುಂಡಾಗುವುದು ಈ ಮನೆತನದಲ್ಲಿ ಒಂದೇ ಸಲ ಆದದ್ದಲ್ಲ.

ವರ್ಗೀಕರಣದಲ್ಲಿ ಈಗ ಎಲ್ಲರೂ ಒಪ್ಪುವ ಒಂದು ಕಟ್ಟು ಇದೆ. ಕುಟುಂಬ ಎಂದು ಹೆಸರಿಟ್ಟರೆ ಅದರಲ್ಲಿ ಒಬ್ಬ ಪೂರ್ವಜ ಮತ್ತು ಅವನ ಎಲ್ಲ ಸಂತತಿ ಇರಬೇಕು. ಯಾರನ್ನೂ ಬಿಡಬಾರದು, ಹೊರಗಿನವರನ್ನು ಸೇರಿಸಬಾರದು. ಒಂದು ದೊಡ್ಡ ಮನೆತನದಲ್ಲಿ ಕನ್ನಡಕ ಹಾಕುವವರನ್ನೆಲ್ಲ ಆರಿಸಿ 'ಇವರದ್ದು ಬೇರೆ ಮನೆತನ' ಅಂದರೆ ಹೇಗಿರುತ್ತದೆ? ಅಣ್ಣ ಒಂದು ಮನೆತನ, ತಮ್ಮ ಇನ್ನೊಂದು ಆಗುತ್ತದೆ. ಥೆಲೋಟ್ರೆಮಟೇಸಿ ವಿಷಯದಲ್ಲಿ ಆಗಿದ್ದು ಅದೇ. 2008ರಲ್ಲಿ ಡಿಎನ್‌ಎ ಆಧಾರದ ಮೇಲೆ ಆ ಕುಟುಂಬವನ್ನು ಗ್ರಾಫಿಡೇಸಿಯೊಳಗೆ ಸೇರಿಸಲಾಯಿತು. ಎರಡು ಹೆಸರು ಒಂದಾಗುವಾಗ ಹಳೆಯದು ಉಳಿಯಬೇಕು ಎಂಬುದು ನಿಯಮ. 1862ಕ್ಕಿಂತ 1822 ಹಳತು, ಹಾಗಾಗಿ ಗ್ರಾಫಿಡೇಸಿ ಉಳಿಯಿತು.

ಹೀಗೆ ಒಟ್ಟಾದ ಮನೆತನ ಈಗ ದೊಡ್ಡದು. ಸುಮಾರು 2,000 ಪ್ರಭೇದ. 2016ರಲ್ಲಿ ಜಗತ್ತಿನ ಲೈಕೆನ್‌ಗಳನ್ನೆಲ್ಲ ಪಟ್ಟಿ ಮಾಡಿದಾಗ ಸಿಕ್ಕ ಲೆಕ್ಕ 19,387. ಅಂದರೆ ಹತ್ತರಲ್ಲಿ ಒಂದರಷ್ಟು ಈ ಒಂದೇ ಕುಟುಂಬದವು. ಪ್ರಭೇದಗಳ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡದು ನಮ್ಮ ಮಸಾಲೆ ಕಲ್ಲುಹೂವಿನ ಪಾರ್ಮಿಲಿಯೇಸಿ ಕುಟುಂಬ.

ಮನೆತನ ದೊಡ್ಡದಾದ ಮೇಲೆ ಬೇರೆ ಸ್ವಭಾವದವರೂ ಇರುತ್ತಾರಲ್ಲ. ಡಿಪ್ಲೊಸ್ಕಿಸ್ಟಿಸ್ ಎಂಬ ಕುಲ ಇದೇ ಮನೆಯದ್ದು. ಆದರೆ ಅದಕ್ಕೆ ಮಳೆಕಾಡು ಬೇಡ, ಬಂಡೆ ಮತ್ತು ಮಣ್ಣು ಸಾಕು. ಕಿತ್ತಳೆ ಪಾಚಿಯೂ ಬೇಡ, ಟ್ರೆಬೂಕ್ಸಿಯಾ ಎಂಬ ಹಸಿರು ಪಾಚಿ ಅದರ ಜೊತೆಗಾರ. ಅದರ ಒಂದು ಪ್ರಭೇದವಂತೂ ಬೇರೆ ಲೈಕೆನ್‌ನ ಮೇಲೆ ಹತ್ತಿ ಬದುಕು ಶುರುಮಾಡುತ್ತದೆ. ಮೊದಲು ಆ ಲೈಕೆನ್‌ನ ಪಾಚಿಯನ್ನೇ ಬಳಸಿಕೊಂಡು, ಬೆಳೆದ ಮೇಲೆ ಬೇರೆ ಪಾಚಿಗೆ ಬದಲಾಯಿಸಿಕೊಳ್ಳುತ್ತದೆ. ಹೊರಗಿನ ರೂಪ, ವಾಸದ ಜಾಗ, ಜೊತೆಗಾರ ಎಲ್ಲವೂ ಬೇರೆ, ವಂಶ ಮಾತ್ರ ಒಂದೇ.

## ತದ್ರೂಪಿ, ಆದರೆ ನೆಂಟನಲ್ಲ

ಇದರ ಉಲ್ಟಾ ಉದಾಹರಣೆಯೂ ಇದೆ. ಓಪಿಗ್ರಾಫಾ ಎಂಬ ಕುಲದ ಲೈಕೆನ್‌ಗೂ ಕಪ್ಪು ಗೆರೆಯಂಥ ಹಣ್ಣು. ಅದಕ್ಕೂ ಟ್ರೆಂಟಿಪೋಲಿಯಾ ಜೊತೆ. ಅದೂ ತೊಗಟೆಯ ಮೇಲೆ ಬೆಳೆಯುತ್ತದೆ. ಬರಿಗಣ್ಣಿಗೆ ಗ್ರಾಫಿಸ್ ಅಂತಲೇ ಅನ್ನಿಸುತ್ತದೆ. ಆದರೆ ಕುಟುಂಬ ಬಿಡಿ, ಗಣವೂ ಬೇರೆ, ವರ್ಗವೂ ಬೇರೆ. ಎಷ್ಟು ದೂರ ಅಂದರೆ, ಗೆರೆಯೇ ಇಲ್ಲದ ಮಸಾಲೆ ಕಲ್ಲುಹೂವು ಗ್ರಾಫಿಸ್‌ಗೆ ಓಪಿಗ್ರಾಫಾಗಿಂತ ಹತ್ತಿರದ ನೆಂಟ.

ಕಾರವಾರದ ಕಡಲಿನಲ್ಲಿ ಡಾಲ್ಫಿನ್ ಕಂಡಾಗ ಅದನ್ನು ಮೀನು ಎಂದವರು ಎಷ್ಟೋ ಜನ. ರೆಕ್ಕೆ ಇದೆ, ಬಾಲ ಇದೆ, ನೀರಿನಲ್ಲಿದೆ. ಆದರೆ ಅದು ಮರಿಗೆ ಹಾಲೂಡಿಸುವ ಪ್ರಾಣಿ, ಹಸುವಿನ ಕಡೆಯ ನೆಂಟ. ಒಂದೇ ಥರದ ಬದುಕು ಒಂದೇ ಥರದ ಮೈಕಟ್ಟನ್ನು ಬೇರೆ ಬೇರೆ ವಂಶಗಳಲ್ಲಿ ರೂಪಿಸಬಲ್ಲದು. ಗ್ರಾಫಿಸ್ ಮತ್ತು ಓಪಿಗ್ರಾಫಾ ಎರಡಕ್ಕೂ ಗೆರೆ ಬಂದದ್ದು ಬೇರೆ ಬೇರೆ ದಾರಿಯಲ್ಲಿ. ಸೂಕ್ಷ್ಮದರ್ಶಕದಲ್ಲಿ ಬೀಜಕಣದ ಕೋಣೆ ನೋಡಿದರೆ ಗುಟ್ಟು ಹೊರಬೀಳುತ್ತದೆ. ಗ್ರಾಫಿಸ್ ಬೀಜಕಣದ ಕೋಣೆಗಳು ಮಸೂರ ಬೇಳೆಯ ಆಕಾರದಲ್ಲಿರುತ್ತವೆ, ಓಪಿಗ್ರಾಫಾದಲ್ಲಿ ಹಾಗಿರುವುದಿಲ್ಲ.

## ಮರ ಇನ್ನೂ ಬೆಳೆಯುತ್ತಿದೆ

ಈ ವಂಶಾವಳಿ ಮುಗಿದ ಕೆಲಸವಲ್ಲ. ಲಿನೇಯಸ್ ಹೆಸರಿಟ್ಟ ಆ ಮೊದಲ ಗ್ರಾಫಿಸ್ ಸ್ಕ್ರಿಪ್ಟಾ ಕೂಡ ಒಂದೇ ಪ್ರಭೇದ ಅಲ್ಲ ಎಂದು 2011ರಲ್ಲಿ ಯುರೋಪಿನಲ್ಲೇ ತೋರಿಸಿದರು. ಆ ಹೆಸರಿನಡಿ ನಾಲ್ಕು ಪ್ರಭೇದಗಳಿದ್ದವು. 2014ರಲ್ಲಿ ಹಲವು ದೇಶಗಳ ಸಂಶೋಧಕರು ಸೇರಿ ಈ ಕುಟುಂಬದ 175 ಹೊಸ ಪ್ರಭೇದಗಳನ್ನು ಒಟ್ಟಿಗೆ ಪ್ರಕಟಿಸಿದರು. 2018ರಲ್ಲಿ ಗ್ರಾಫಿಸ್ ಕುಲದಿಂದಲೇ ಒಂದು ದೊಡ್ಡ ಗುಂಪನ್ನು ಬೇರ್ಪಡಿಸಿ ಅಲೊಗ್ರಾಫಾ ಎಂಬ ಕುಲಕ್ಕೆ ಹಾಕಿದರು. ಎರಡೂ ನೋಡಲು ಎಷ್ಟು ಹೋಲುತ್ತವೆ ಅಂದರೆ ತಜ್ಞರೂ ತಡವರಿಸುತ್ತಾರೆ.

ಹೆಸರು ಬದಲಾದಾಗಲೆಲ್ಲ ಕಿರಿಕಿರಿಯಾಗುವುದು ಸಹಜ. ಆದರೆ ನನ್ನ ಮಟ್ಟಿಗೆ ಈ ಬದಲಾವಣೆಯೇ ನಂಬಿಕೆ ಹುಟ್ಟಿಸುವ ಸಂಗತಿ. ಹೊಸ ಸಾಕ್ಷಿ ಬಂದಾಗ ನೂರು ವರ್ಷದ ಅನುಕೂಲವನ್ನೂ ಬಿಟ್ಟುಕೊಟ್ಟಿದ್ದಾರೆ.

ನಮ್ಮ ದೇಶದಲ್ಲಿ ಲೈಕೆನ್ ಅಧ್ಯಯನಕ್ಕೆ ಬುನಾದಿ ಹಾಕಿದವರು ಲಖನೌದ ಧರಣಿ ಧರ್ ಅವಸ್ಥಿ. ಪಶ್ಚಿಮ ಘಟ್ಟದ ಗೆರೆ ಲೈಕೆನ್‌ಗಳ ಮೇಲೆ ಪುಣೆಯ ಅಘಾರ್ಕರ್ ಸಂಶೋಧನಾ ಸಂಸ್ಥೆಯವರು ದಶಕಗಳ ಕಾಲ ಕೆಲಸ ಮಾಡಿದ್ದಾರೆ.

ಯಾರು ಯಾರ ನೆಂಟ ಎಂದು ತಿಳಿದು ಆಗುವುದೇನು ಎಂದು ಕೇಳಬಹುದು. ಒಂದು ನೇರ ಉಪಯೋಗ ಕಾಡಿನ ಆರೋಗ್ಯ ನೋಡುವುದು. ಈ ಕುಟುಂಬದ ದುಂಡು ಬಾಯಿಯವರಲ್ಲಿ ಹೆಚ್ಚಿನವರಿಗೆ ದಟ್ಟ ನೆರಳು, ಹಳೆಯ ಮರ, ಒಂದೇ ಸಮನೆ ತೇವ ಬೇಕು. ಕಾಡು ಕಡಿದು ಬಿಸಿಲು ಬಿದ್ದರೆ ಅವು ಮಾಯ. ಗ್ರಾಫಿಸ್‌ನ ಹಲವು ಪ್ರಭೇದಗಳು ಬೆಳಕನ್ನು ತಾಳಿಕೊಳ್ಳುತ್ತವೆ, ರಸ್ತೆ ಬದಿಯ ಮರದಲ್ಲೂ ಬೆಳೆಯುತ್ತವೆ. ಆದ್ದರಿಂದ ಒಂದು ಕಾನಿನಲ್ಲಿ ಯಾವ ಪ್ರಭೇದ ಇದೆ ಎಂಬ ಪಟ್ಟಿ, ಆ ಕಾನು ಎಷ್ಟು ಗಟ್ಟಿಯಾಗಿ ಉಳಿದಿದೆ ಎಂದು ಹೇಳಬಲ್ಲದು. ಪ್ರಭೇದದ ಗುರುತೇ ತಪ್ಪಾದರೆ ಆ ಪಟ್ಟಿಗೆ ಬೆಲೆ ಇಲ್ಲ.

## ನಿಮ್ಮ ತೋಟದಲ್ಲೇ ನೋಡಿ

ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಮಸೂರ ಸಾಕು. ಅದಿಲ್ಲದಿದ್ದರೆ ಮೊಬೈಲ್ ಕ್ಯಾಮರಾದಲ್ಲಿ ಹತ್ತಿರದಿಂದ ಫೋಟೊ ತೆಗೆದು ಹಿಗ್ಗಿಸಿ. ಮೊದಲು ಗೆರೆಯೋ ದುಂಡೋ ನೋಡಿ. ಗೆರೆಯಾದರೆ ತುಟಿ ಕಪ್ಪಗಿದೆಯೋ, ಮೈಬಣ್ಣದ್ದೇ ಆಗಿದೆಯೋ ನೋಡಿ. ಸೀಳು ತೆರೆದಿದೆಯೋ, ಮುಚ್ಚಿದೆಯೋ, ತುಟಿಯ ಮೇಲೆ ಬಿಳಿ ಪುಡಿ ಇದೆಯೋ ನೋಡಿ. ಮಚ್ಚೆಯ ಅಂಚನ್ನು ಉಗುರಿನಿಂದ ಸಾಸಿವೆ ಕಾಳಿನಷ್ಟು ಮಾತ್ರ ಮೆತ್ತಗೆ ಗೀರಿದರೆ ಒಳಗಿನ ಪಾಚಿಯ ಹಳದಿ ಹಸಿರು ಅಥವಾ ಕಿತ್ತಳೆ ಪದರ ಕಾಣುತ್ತದೆ. ಪೂರ್ತಿ ಹೆಸರು ಹೇಳಲು ಬೀಜಕಣ ನೋಡಲೇಬೇಕು, ಅದಕ್ಕೆ ಸೂಕ್ಷ್ಮದರ್ಶಕ ಬೇಕು.

ಅಡಕೆ ಮರ ಈ ಕೆಲಸಕ್ಕೆ ಬಹಳ ಒಳ್ಳೆಯದು. ಅದರ ಮೈ ನುಣುಪು. ಮಾವು ಹಲಸಿನ ಹಾಗೆ ಕಾಂಡ ವರ್ಷ ವರ್ಷ ದಪ್ಪವಾಗುತ್ತಾ ಹೋಗುವುದಿಲ್ಲ, ತೊಗಟೆ ಸುಲಿದು ಬೀಳುವುದಿಲ್ಲ. ಜೊತೆಗೆ ಮೈಮೇಲೆ ಉಂಗುರಗಳಿವೆ. ಒಂದೊಂದು ಉಂಗುರವೂ ಉದುರಿದ ಒಂದು ಹಾಳೆಯ ಗುರುತು. ಚೆನ್ನಾಗಿ ಬೆಳೆಯುವ ಮರ ವರ್ಷಕ್ಕೆ ಆರೇಳು ಹಾಳೆ ಉದುರಿಸುತ್ತದೆ. ಹಾಗಾಗಿ ತುದಿಯಿಂದ ಕೆಳಗೆ ಅರವತ್ತು ಎಪ್ಪತ್ತು ಉಂಗುರ ಎಣಿಸಿದರೆ ಸುಮಾರು ಹತ್ತು ವರ್ಷದ ಹಿಂದಿನ ಮೈ ಸಿಗುತ್ತದೆ. ಅಲ್ಲಿ ಕೂತ ಲೈಕೆನ್‌ನ ವಯಸ್ಸು ಅದಕ್ಕಿಂತ ಹೆಚ್ಚಿರಲು ಸಾಧ್ಯವಿಲ್ಲ. ಮರದ ಮೇಲ್ಭಾಗದ ಹಸಿರು ಮೈ ಖಾಲಿ, ನಡುವೆ ಸಣ್ಣ ಮಚ್ಚೆ, ಬುಡದ ಕಡೆ ಒಂದಕ್ಕೊಂದು ತಾಗಿದ ದೊಡ್ಡ ಮಚ್ಚೆ. ಎರಡು ಪ್ರಭೇದ ತಾಗಿದ ಕಡೆ ನಡುವೆ ತೆಳ್ಳನೆಯ ಕಪ್ಪು ಗಡಿ ಎಷ್ಟೋ ಸಲ ಕಾಣುತ್ತದೆ, ಜಮೀನಿನ ಹದ್ದುಬಸ್ತಿನ ಹಾಗೆ.

ಭಾವನಿಗೆ ಇಷ್ಟೆಲ್ಲ ಹೇಳುವಾಗ ಸಂಜೆಯಾಗಿತ್ತು. ಅವರು ಮರದ ಹತ್ತಿರ ಬಗ್ಗಿ ಗೆರೆಗಳನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಹಳ್ಳದ ದಂಡೆಯ ಹಳೆಯ ಮರದತ್ತ ಕೈ ತೋರಿಸಿ, "ಅಲ್ಲಿ ದುಂಡು ದುಂಡಿದ್ದು ಇದ್ದ ಹಾಗಿತ್ತು, ಬಾ ನೋಡುವ" ಎಂದು ಮುಂದೆ ನಡೆದರು.